ಬಿಸಿಲಿಗೆ ಮುನಿಯುವ ಕಾರು, ಕರಕಲಾದ ರಿಲೇ ಬೋರ್ಡು

ಪ್ರಶ್ನೆ (ಕುಂದಾಪುರದ ಓದುಗರೊಬ್ಬರ ಉದ್ದನೆಯ ಪತ್ರದ ಸಾರ): ನಮ್ಮದು 1999ರ ಪೆಟ್ರೋಲ್ ಕಾರು, ಇಂಜೆಕ್ಷನ್ ಎಂಜಿನ್. ಅಪ್ಪಯ್ಯ ಹೊಸದಾಗಿ ಕೊಂಡದ್ದು. ಅವರು ತೀರಿಕೊಂಡ ಮೇಲೆ ಮಾರಲು ಮನಸ್ಸಾಗಲಿಲ್ಲ. ಎರಡು ಬೇಸಿಗೆಯಿಂದ ಒಂದು ವಿಚಿತ್ರ ತೊಂದರೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ ಬಂದರೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬಾಗಿಲು ತೆರೆದಿಟ್ಟು ಅರ್ಧ ಗಂಟೆ ಕಾದರೆ ಏನೂ ಆಗದವರ ಹಾಗೆ ಹೊರಡುತ್ತದೆ. ಟ್ಯಾಂಕಿನ ಪಂಪ್ ಬದಲಾಯಿಸಿದ್ದಾಯಿತು, ಸ್ಪಾರ್ಕ್ ಪ್ಲಗ್ ಬದಲಾಯಿಸಿದ್ದಾಯಿತು, ಗುಣವಿಲ್ಲ. ಇತ್ತೀಚೆಗೆ ಹೆಡ್‌ಲೈಟುಗಳೂ ಮಂಕಾಗಿವೆ, ಗುಂಡಿಗೆ ಬಿದ್ದರೆ ಮಿನುಗುತ್ತವೆ. ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡಿನ ಕೆಳಗಿನ ರಿಲೇ ಬೋರ್ಡನ್ನು (ರಿಲೇ ಎಂಬ ಸ್ವಿಚ್ಚುಗಳು ಕೂತ ಹಲಗೆ) ಬಿಚ್ಚಿ ತೋರಿಸಿದರು. ಅದಕ್ಕೆ ವೈರು ಸಿಕ್ಕಿಸುವ ಒಂದು ಪ್ಲಗ್ಗಿನ ಮೂಲೆ ಕರಗಿ ಕಂದಾಗಿದೆ, ಅದರ ಹಿಂದೆ ಬೋರ್ಡಿನ ಮೇಲೆ ಕರಿ ಮಚ್ಚೆ. ಆದರೆ ಫ್ಯೂಸ್ ಒಮ್ಮೆಯೂ ಹಾರಿಲ್ಲ. ಹೊಸ ಬೋರ್ಡು ಎಲ್ಲೂ ಸಿಗುತ್ತಿಲ್ಲ. ಒಬ್ಬರು ಬೋರ್ಡು ಸತ್ತಿದೆ, ಬೈಪಾಸ್ ಮಾಡಿ ಪಂಪಿಗೆ ಕೀಯಿಂದ ಡೈರೆಕ್ಟ್ ಕೊಡುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಬೆಂಗಳೂರಿನ ಗುಜರಿಯಿಂದ ಹಳೆಯದು ತರಿಸಿ ಎನ್ನುತ್ತಾರೆ. ಮೂರನೆಯವರು ತುಕ್ಕು ಬಿಡಿಸುವ ಸ್ಪ್ರೇ ಹೊಡೆದು 30 ಆಂಪಿಯರ್ ಫ್ಯೂಸ್ ಹಾಕಿದರೆ ಸಾಕು ಎನ್ನುತ್ತಾರೆ. ಮನೆಯಲ್ಲಿ ಬೆಂಕಿಯ ಭಯದಿಂದ ಮಕ್ಕಳನ್ನು ಆ ಕಾರಿನಲ್ಲಿ ಕೂರಿಸಲು ಬಿಡುತ್ತಿಲ್ಲ. ಏನು ಮಾಡಲಿ?

ಉತ್ತರ: ಪತ್ರದಲ್ಲಿ ಪ್ರಶ್ನೆ ನಾಲ್ಕಾರಿದ್ದರೂ ಅವುಗಳ ಹಿಂದಿನ ಹೆದರಿಕೆ ಒಂದೇ, ಬೆಂಕಿ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಮನೆಯವರ ಭಯ ಸುಳ್ಳಲ್ಲ. ಕರಿ ಮಚ್ಚೆ ಇರುವ ಬೋರ್ಡಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು ಓಡಾಡಬೇಡಿ. ರಿಪೇರಿ ಆಗುವ ತನಕ ರಾತ್ರಿ ಪ್ರಯಾಣ ಬೇಡ. ಆದರೆ ಬೋರ್ಡು ಸತ್ತಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶಿವಮೊಗ್ಗದಲ್ಲಿ ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಸತ್ತಿದೆ ಎಂದು ನನ್ನ ಮೇಜಿಗೆ ಬಂದ ಬೋರ್ಡುಗಳಲ್ಲಿ ನಿಜವಾಗಿ ಎಸೆಯಬೇಕಾಗಿ ಬಂದವು ಕಡಿಮೆ. ಸಾಯುವುದು ಸಾಮಾನ್ಯವಾಗಿ ಬೋರ್ಡಲ್ಲ, ಅದರ ಮೇಲಿನ ಬೆಸುಗೆ, ಇಲ್ಲವೇ ಅದಕ್ಕೆ ಸಿಕ್ಕಿಸಿದ ಪ್ಲಗ್ಗಿನ ಹಿಡಿತ.

ನಿಮ್ಮ ಕಾರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದು ಒಂದು ಕಂಪನಿಯ ಕಾಯಿಲೆಯಲ್ಲ, ವಯಸ್ಸಿನ ಕಾಯಿಲೆ. ಜರ್ಮನ್ ಕಾರಿಗೂ ಬರುತ್ತದೆ, ಜಪಾನಿನದಕ್ಕೂ ಬರುತ್ತದೆ.

ಇನ್ನೊಂದು ಮಾತು. ನಿಮ್ಮ ಕಾರಿಗೆ ಇರುವುದು ಒಂದು ರೋಗವಲ್ಲ, ಎರಡು. ಒಂದೇ ಮನೆಯಲ್ಲಿ ಇಬ್ಬರಿಗೆ ಬೇರೆ ಬೇರೆ ಜ್ವರ ಬಂದ ಹಾಗೆ. ಬಿಸಿಲಲ್ಲಿ ಸ್ಟಾರ್ಟ್ ಆಗದಿರುವುದು ಒಂದು, ಪ್ಲಗ್ ಕರಗಿರುವುದು ಇನ್ನೊಂದು. ಎರಡೂ ಒಂದೇ ಬೋರ್ಡಿನಲ್ಲಿ ಕಂಡವೆಂದು ಒಂದೇ ಮದ್ದು ಹುಡುಕಿದ್ದರಿಂದಲೇ ಇಷ್ಟು ಗೊಂದಲ.

ಮೊದಲನೆಯದನ್ನು ನೋಡೋಣ. ರಿಲೇ ಎಂದರೆ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಒಳಗೆ ತಾಮ್ರದ ಕಾಯಿಲ್ ಇರುತ್ತದೆ. 12 ವೋಲ್ಟಿನ ಸಾಮಾನ್ಯ ರಿಲೇಯಲ್ಲಿ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 80ರಿಂದ 100 ಓಮ್ ಆಸುಪಾಸು, ಅಂದರೆ ಅದು ಎಳೆಯುವುದು ಬರೀ 0.15 ಆಂಪಿಯರಿನಷ್ಟು. ಅಷ್ಟರಲ್ಲೇ ಅದು ಅಯಸ್ಕಾಂತವಾಗಿ ಪಾಯಿಂಟುಗಳನ್ನು ಕೂಡಿಸಿ 20, 30 ಆಂಪಿಯರ್ ಹರಿಯಲು ದಾರಿ ಬಿಡುತ್ತದೆ. ಬೋರ್ಡಿನ ಮೇಲಿರುವ ಎಲ್ಲ ಸಾಮಾನುಗಳಲ್ಲಿ ಭಾರದ್ದು ಈ ರಿಲೇಯೇ. ಅದರ ಕಾಲುಗಳನ್ನು ಹಿಡಿದಿರುವುದು ಒಂದೊಂದು ಅಕ್ಕಿಕಾಳಿನಷ್ಟು ಬೆಸುಗೆ. ಕೀ ಹಾಕಿದಾಗ ಬಿಸಿ, ನಿಲ್ಲಿಸಿದಾಗ ತಂಪು, ಅದರ ಜೊತೆಗೆ ನಮ್ಮ ರಸ್ತೆಗಳ ಕುಲುಕಾಟ. ಲೋಹದ ಕಾಲು ಹಿಗ್ಗುವ ಪ್ರಮಾಣ ಬೇರೆ, ಬೋರ್ಡು ಹಿಗ್ಗುವ ಪ್ರಮಾಣ ಬೇರೆ. ಇಪ್ಪತ್ತೈದು ವರ್ಷ ಇದೇ ಎಳೆದಾಟ ನಡೆದರೆ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಉಂಗುರದ ಹಾಗೆ ಬೀಳುತ್ತದೆ. ನಮ್ಮವರು ಇದನ್ನು ಡ್ರೈ ಸೋಲ್ಡರ್ ಎನ್ನುತ್ತಾರೆ.

ತಂಪಿದ್ದಾಗ ಬಿರುಕಿನ ಎರಡು ಅಂಚುಗಳು ತಾಗಿಕೊಂಡಿರುತ್ತವೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಡ್ಯಾಶ್‌ಬೋರ್ಡು ಕೈ ಇಡಲಾಗದಷ್ಟು ಕಾಯುತ್ತದಲ್ಲ, ಆಗ ಬೋರ್ಡು ಹಿಗ್ಗಿ ಅಂಚುಗಳು ಬಿಟ್ಟುಕೊಳ್ಳುತ್ತವೆ. ಸಾಲದ್ದಕ್ಕೆ ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. 20 ಡಿಗ್ರಿಯಿಂದ 70 ಡಿಗ್ರಿಗೆ ಹೋದರೆ ಕಾಯಿಲಿನಲ್ಲಿ ಹರಿಯುವ ಕರೆಂಟು ಆರರಲ್ಲಿ ಒಂದು ಭಾಗದಷ್ಟು ಇಳಿದು ಅದರ ಎಳೆಯುವ ಶಕ್ತಿ ಸೊರಗುತ್ತದೆ. ಅದೇ ಹೊತ್ತಿಗೆ ಸೆಲ್ಫ್ ಹೊಡೆದರೆ ಬ್ಯಾಟರಿ ವೋಲ್ಟೇಜು 10ರ ಹತ್ತಿರಕ್ಕೆ ಕುಸಿಯುತ್ತದೆ. ಮೂರೂ ಕೂಡಿದಾಗ ಪಂಪಿನ ರಿಲೇ ಕೂಡುವುದಿಲ್ಲ, ಪಂಪಿಗೆ ಕರೆಂಟಿಲ್ಲ, ಎಂಜಿನ್ನಿಗೆ ಪೆಟ್ರೋಲಿಲ್ಲ. ನೀವು ಬಾಗಿಲು ತೆರೆದಿಟ್ಟು ಕಾದದ್ದು ಎಂಜಿನ್ ತಣ್ಣಗಾಗಲೆಂದು. ತಣ್ಣಗಾಗಬೇಕಿದ್ದದ್ದು ಡ್ಯಾಶ್‌ಬೋರ್ಡಿನ ಕೆಳಗಿನ ಆ ಪೆಟ್ಟಿಗೆ.

ಇದು ಊಹೆಯೋ ನಿಜವೋ ಎಂದು ತಿಳಿಯಲು ಕಿವಿ ಸಾಕು. ಇಂಜೆಕ್ಷನ್ ಕಾರುಗಳಲ್ಲಿ ಕೀಯನ್ನು ಆನ್‌ಗೆ ತಿರುಗಿಸಿದ ತಕ್ಷಣ, ಸೆಲ್ಫ್ ಹೊಡೆಯುವ ಮುಂಚೆಯೇ, ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ‘ಗುಂಯ್’ ಎಂಬ ಸದ್ದು ಬರುತ್ತದೆ. ಅದು ಪಂಪು ಒತ್ತಡ ತುಂಬಿಕೊಳ್ಳುವ ಸದ್ದು. ಬೆಳಿಗ್ಗೆ ಕೇಳಿ ನೋಡಿ, ಆಮೇಲೆ ಮಧ್ಯಾಹ್ನ ಸ್ಟಾರ್ಟ್ ಆಗದಿದ್ದಾಗ ಕೇಳಿ. ಆಗ ಸದ್ದಿಲ್ಲವೆಂದರೆ ಸಂಶಯ ಪಂಪಿನ ದಾರಿಯ ಮೇಲೆ. ಬಿಸಿಲಿಗೆ ಕಾಯಲು ಪುರುಸೊತ್ತಿಲ್ಲದಿದ್ದರೆ ಬೆಳಿಗ್ಗೆಯೇ ಹೇರ್ ಡ್ರೈಯರ್‌ನಿಂದ ಬೋರ್ಡಿಗೆ ಐದು ನಿಮಿಷ ಬಿಸಿಗಾಳಿ ಹಾಯಿಸಿ ಕೀ ತಿರುಗಿಸಿ. ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಇಷ್ಟು ಮಾಡಿದ್ದರೆ ಪಂಪ್ ಬದಲಾಯಿಸಿದ ದುಡ್ಡು ಉಳಿಯುತ್ತಿತ್ತೇನೋ. ಪಂಪ್ ಹಾಕಿದವರನ್ನೂ ಪೂರ್ತಿ ಬೈಯಲಾರೆ. ಕಾರು ಗ್ಯಾರೇಜಿಗೆ ಬರುವ ಹೊತ್ತಿಗೆ ತಣ್ಣಗಾಗಿ ಸ್ಟಾರ್ಟ್ ಆಗಿಬಿಟ್ಟಿರುತ್ತದೆ, ಅವರಿಗೆ ರೋಗ ಕಾಣುವುದೇ ಇಲ್ಲ.

ಈಗ ಎರಡನೆಯದು, ನಿಜವಾಗಿ ಹೆದರಬೇಕಾದದ್ದು. ಫ್ಯೂಸ್ ಹಾರಿಲ್ಲ, ಹಾಗಿದ್ದ ಮೇಲೆ ಸುಟ್ಟದ್ದು ಹೇಗೆ ಎಂದು ಕೇಳಿದ್ದೀರಿ. ಫ್ಯೂಸ್ ಹಾರದಿದ್ದರೆ ಎಲ್ಲ ಸರಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಫ್ಯೂಸಿಗೆ ಗೊತ್ತಾಗುವುದು ಕರೆಂಟು ಹೆಚ್ಚಾದರೆ ಮಾತ್ರ. ಹಿಡಿತ ಸಡಿಲಾದ ಟರ್ಮಿನಲ್ಲಿನಲ್ಲಿ, ಅಂದರೆ ಪ್ಲಗ್ಗಿನೊಳಗೆ ಪಿನ್ನನ್ನು ಹಿಡಿಯುವ ಲೋಹದ ತುದಿಯಲ್ಲಿ, ಕರೆಂಟು ಹೆಚ್ಚುವುದಿಲ್ಲ, ತುಸು ಕಡಿಮೆಯೇ ಆಗುತ್ತದೆ. ಬಿಸಿ ಮಾತ್ರ ಅಲ್ಲೇ ಕೂತು ಬೇಯಿಸುತ್ತದೆ. ಲೆಕ್ಕ ನೋಡಿ. 55 ವ್ಯಾಟಿನ ಎರಡು ಬಲ್ಬಿಗೆ ಸುಮಾರು 8.5 ಆಂಪಿಯರ್ ಬೇಕು. ಟರ್ಮಿನಲ್ಲಿನಲ್ಲಿ ಕಿಲುಬು ಹಿಡಿದು 0.1 ಓಮ್ ರೆಸಿಸ್ಟೆನ್ಸ್ ಹುಟ್ಟಿತು ಎನ್ನಿ. ಅಷ್ಟಕ್ಕೇ ಆ ಒಂದು ಜಾಗದಲ್ಲಿ 7 ವ್ಯಾಟಿನಷ್ಟು ಬಿಸಿ. ನನ್ನ ಮೇಜಿನ ಸೋಲ್ಡರಿಂಗ್ ಐರನ್ನೇ 25 ವ್ಯಾಟಿನದು. ಅದರ ಕಾಲು ಭಾಗಕ್ಕಿಂತ ಹೆಚ್ಚಿನ ಬಿಸಿಯನ್ನು ಗಾಳಿಯಾಡದ ಪ್ಲಾಸ್ಟಿಕ್ ಪ್ಲಗ್ಗಿನೊಳಗೆ ಗಂಟೆಗಟ್ಟಲೆ ಇಟ್ಟರೆ ಏನಾದೀತು? ಬಿಸಿಯಾದ ಟರ್ಮಿನಲ್ಲಿನ ಸ್ಪ್ರಿಂಗು ಇನ್ನಷ್ಟು ಸಡಿಲಾಗುತ್ತದೆ, ಸಡಿಲಾದಷ್ಟೂ ಬಿಸಿ ಏರುತ್ತದೆ. ನಿಮ್ಮ ದೀಪ ಮಂಕಾದದ್ದೂ ಇದರಿಂದಲೇ ಇರಬೇಕು. ಬಲ್ಬಿಗೆ ಸಿಗುವ ವೋಲ್ಟೇಜು ಶೇಕಡಾ 6 ಕಡಿಮೆಯಾದರೆ ಬೆಳಕು ಐದರಲ್ಲಿ ಒಂದು ಭಾಗ ಹೋಗಿಬಿಡುತ್ತದೆ.

ಇಲ್ಲಿ ಒಂದು ಅನುಮಾನ ಹೇಳಬೇಕು. ಪತ್ರದ ಕೊನೆಯಲ್ಲಿ, ಅಪ್ಪಯ್ಯ ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತಿ ಬರುತ್ತಿದ್ದರು, ಅದಕ್ಕೇ ‘ಒಳ್ಳೆಯ ಬಲ್ಬು’ ಹಾಕಿಸಿದ್ದರು ಎಂದು ಒಂದು ಸಾಲು ಬರೆದಿದ್ದೀರಿ. ಆ ಕಾಲದಲ್ಲಿ ಒಳ್ಳೆಯ ಬಲ್ಬು ಎಂದರೆ ಹೆಚ್ಚಾಗಿ 60/55ರ ಜಾಗದಲ್ಲಿ 100/90 ವ್ಯಾಟಿನದು (ಮೊದಲ ಅಂಕೆ ಹೈ ಬೀಮಿನದು, ಎರಡನೆಯದು ಲೋ ಬೀಮಿನದು). ಘಾಟಿಯ ಮಂಜಿನಲ್ಲಿ ಓಡಿಸುವವರ ಕಷ್ಟ ನನಗೂ ಗೊತ್ತು, ನಾನೂ ಎಷ್ಟೋ ಕಾರಿಗೆ ಹಾಕಿಕೊಟ್ಟಿದ್ದೇನೆ. ಆದರೆ ಲೋ ಬೀಮಿನಲ್ಲೇ ಕರೆಂಟು 8.5ರಿಂದ 14ರ ಹತ್ತಿರಕ್ಕೆ ಏರುತ್ತದೆ. ಕರೆಂಟು ಒಂದೂವರೆ ಪಟ್ಟು ದಾಟಿದರೆ ಬಿಸಿ ಎರಡೂವರೆ ಪಟ್ಟು ದಾಟುತ್ತದೆ. ಬೋರ್ಡು ಹೊಸದಿದ್ದಾಗ ತಡೆದುಕೊಂಡಿತು. ಕುಂದಾಪುರದ ಉಪ್ಪುಗಾಳಿ ಟರ್ಮಿನಲ್ಲಿಗೆ ಕಿಲುಬು ಹಿಡಿಸಿದ ಮೇಲೆ ತಡೆದುಕೊಳ್ಳಲಿಲ್ಲ.

ಮೂರನೆಯ ಸಲಹೆಯ ಗತಿ ಈಗ ನಿಮಗೇ ತಿಳಿದಿರಬೇಕು. ಫ್ಯೂಸು ಇರುವುದು ವೈರನ್ನು ಕಾಯಲು. 15 ಆಂಪಿಯರಿನ ನೀಲಿ ಫ್ಯೂಸಿನ ಜಾಗದಲ್ಲಿ 30ರ ಹಸಿರು ಫ್ಯೂಸು ಹಾಕಿದರೆ, ಶಾರ್ಟ್ ಆದ ದಿನ ಫ್ಯೂಸಿಗಿಂತ ಮೊದಲು ವೈರು ಉರಿಯುತ್ತದೆ. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ಬಂದ ಫ್ಯೂಸುಗಳನ್ನೂ ನೋಡಿದ್ದೇನೆ, ಅದಕ್ಕಿಂತ ಇದು ಒಂದೇ ಮೆಟ್ಟಿಲು ಮೇಲೆ. ಸ್ಪ್ರೇ ಹೊಡೆದರೆ ನಾಲ್ಕು ದಿನ ಸುಧಾರಿಸಿದಂತೆ ಕಾಣಬಹುದು. ಬಿರುಕು ಬಿಟ್ಟ ಬೆಸುಗೆಯನ್ನು ಯಾವ ಎಣ್ಣೆಯೂ ಕೂಡಿಸುವುದಿಲ್ಲ, ಎಣ್ಣೆಯ ಅಂಟಿಗೆ ಧೂಳು ಕೂತು ಮುಂದಿನ ವರ್ಷ ಬೋರ್ಡು ತೊಳೆಯುವುದೇ ಒಂದು ಕೆಲಸವಾಗುತ್ತದೆ.

ಮಲ್ಟಿಮೀಟರಿನ ‘ಬೀಪ್’ ಪರೀಕ್ಷೆಯನ್ನೂ ನಂಬಬೇಡಿ. ವೈರಿನ ಇಪ್ಪತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ಬೀಪ್ ಎನ್ನುತ್ತದೆ. ಪರೀಕ್ಷೆಯನ್ನು ಹೊರೆ ಹೊರಿಸಿಯೇ ಮಾಡಬೇಕು. ಕರಗಿದ ಪ್ಲಗ್ ಇರುವುದರಿಂದ ನಿಮ್ಮ ಕಾರಿನಲ್ಲಿ ಎರಡು ನಿಮಿಷದೊಳಗೆ ಮುಗಿಸಿ. ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಕಡ್ಡಿಯನ್ನು ಬಲ್ಬಿನ ಪ್ಲಸ್ ಟರ್ಮಿನಲ್ಲಿಗೆ ಮುಟ್ಟಿಸಿ. ದಾರಿಯಲ್ಲಿ ಎಷ್ಟು ವೋಲ್ಟು ಸೋರಿದೆ ಎಂಬುದು ನೇರವಾಗಿ ಕಾಣುತ್ತದೆ. ಅರ್ಧ ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ, ಒಂದು ದಾಟಿದರೆ ಎಲ್ಲೋ ಬೇಯುತ್ತಿದೆ ಎಂದೇ ಅರ್ಥ. ಬಲ್ಬಿನ ಅರ್ಥ್ ಟರ್ಮಿನಲ್ಲಿನಿಂದ ಬ್ಯಾಟರಿಯ ಮೈನಸ್ಸಿಗೂ ಹೀಗೇ ನೋಡಿ, ಅಲ್ಲಿ 0.2 ದಾಟಬಾರದು. ಕರಾವಳಿಯ ಕಾರುಗಳಲ್ಲಿ ಬೋರ್ಡನ್ನು ಬೈದು ಬೈದು ಕೊನೆಗೆ ರೇಡಿಯೇಟರ್ ಪಕ್ಕದ ಅರ್ಥ್ ಬೋಲ್ಟು ತುಕ್ಕು ಹಿಡಿದದ್ದು ಕಂಡ ಪ್ರಸಂಗಗಳು ಬೇಕಾದಷ್ಟಿವೆ. ಕೆಲವು ಜಪಾನಿ ವಿನ್ಯಾಸದ ಕಾರುಗಳಲ್ಲಿ ಬಲ್ಬಿಗೆ ಪ್ಲಸ್ಸು ನೇರ ಬಂದಿರುತ್ತದೆ, ಸ್ವಿಚ್ಚು ಅರ್ಥ್ ಕಡೆ ಇರುತ್ತದೆ. ಅಳೆಯುವ ಮುಂಚೆ ನಿಮ್ಮದು ಯಾವ ಬಗೆ ಎಂದು ನೋಡಿಕೊಳ್ಳಿ.

ಇನ್ನು ದಾರಿಗಳು. ಪಂಪಿಗೆ ಕೀಯಿಂದ ಡೈರೆಕ್ಟ್ ಕೊಡುವುದಕ್ಕೆ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಕೀ ಹಾಕಿದಾಗ ಪಂಪು ಎರಡೇ ಸೆಕೆಂಡು ಓಡಿ ನಿಲ್ಲುತ್ತದೆ ಎಂದೆನಲ್ಲ, ಅದು ಸುಮ್ಮನೆ ಮಾಡಿದ ಏರ್ಪಾಡಲ್ಲ. ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಬಂದರೆ ಮಾತ್ರ ಕಾರಿನ ಕಂಪ್ಯೂಟರು ರಿಲೇಯನ್ನು ಹಿಡಿದಿಡುತ್ತದೆ. ಕಾರು ಎಲ್ಲಿಗಾದರೂ ಗುದ್ದಿ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಡೈರೆಕ್ಟ್ ಕೊಟ್ಟರೆ ಪೈಪು ತುಂಡಾಗಿದ್ದರೂ ಕೀ ಆಫ್ ಆಗುವ ತನಕ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಬೆಂಕಿಗೆ ಹೆದರಿ ಬೋರ್ಡು ತೆಗೆಸಿ ಇದನ್ನು ಹಾಕಿಸಿಕೊಂಡರೆ ಹುಲಿಗೆ ಹೆದರಿ ಹುತ್ತದಲ್ಲಿ ಕೈಯಿಟ್ಟ ಹಾಗೆ. ಬೋರ್ಡಿನ ಪಂಪ್ ಭಾಗ ಸರಿಪಡಿಸಲಾಗದಷ್ಟು ಕೆಟ್ಟಿದ್ದರೆ ಹೊರಗೆ ಬೇರೆ ರಿಲೇ ಹಾಕಬಹುದು. ಅದರ ಕಾಯಿಲಿಗೆ ಕಂಪ್ಯೂಟರಿನಿಂದ ಬರುವ ಅದೇ ಹಳೆಯ ವೈರೇ ಹೋಗಬೇಕು.

ಗುಜರಿಯ ಬೋರ್ಡು ಕೆಟ್ಟ ಯೋಚನೆಯಲ್ಲ. ಶಿವಾಜಿನಗರದಲ್ಲಿ ಹುಡುಕಿದರೆ ಸಿಕ್ಕೀತು. ಆದರೆ ಅದಕ್ಕೂ ನಿಮ್ಮದಕ್ಕೂ ಒಂದೇ ವಯಸ್ಸು, ಬಿರುಕು ಅದರಲ್ಲೂ ಇರುತ್ತದೆ. ತಂದ ಕೂಡಲೇ ಸಿಕ್ಕಿಸದೆ ಬೆಸುಗೆ ಹೊಸದಾಗಿ ಹಾಕಿಸಿಯೇ ಬಳಸಿ. ಪಾರ್ಟ್ ನಂಬರಿನ ಕೊನೆಯ ಅಕ್ಷರದ ತನಕ ಹೊಂದಬೇಕು. ಫಾಗ್ ಲ್ಯಾಂಪ್ ಇದ್ದ ಮಾಡೆಲ್ಲಿನದು ಇಲ್ಲದ ಮಾಡೆಲ್ಲಿಗೆ ಕೂರುತ್ತದೆ, ಒಳದಾರಿ ಬೇರೆ ಇರುತ್ತದೆ.

ನನ್ನ ಆಯ್ಕೆ ನಿಮ್ಮ ಬೋರ್ಡನ್ನೇ ಉಳಿಸುವುದು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು. ಪ್ಲಗ್ಗುಗಳನ್ನು ಕೀಳುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಹಳದಿ ಬಣ್ಣದ ಪ್ಲಗ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದು, ಒಣಗಿಸಿ, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ಬಿರುಕಿನ ಉಂಗುರ ಕಾಣುತ್ತದೆ. ಒಂದು ಕಡೆ ಕಂಡರೆ ಆ ಒಂದನ್ನೇ ಮಾಡಿ ಮುಚ್ಚಬೇಡಿ. ರಿಲೇಗಳ ಎಲ್ಲ ಕಾಲು, ಪ್ಲಗ್ಗಿನ ಎಲ್ಲ ಪಿನ್ನು, ಒಂದೂ ಬಿಡದೆ ಮಾಡಿಸಿ.

ಇಲ್ಲಿ ನಾನೇ ಎಡವಿದ್ದೇನೆ. ಕಸುಬಿಗೆ ಹೊಸದಾಗಿ ಬಂದಾಗ ಮೇಷ್ಟ್ರೊಬ್ಬರ ಕಾರಿನ ಬೋರ್ಡಿಗೆ ಹಳೆಯ ಬೆಸುಗೆಯ ಮೇಲೆಯೇ ಹೊಸದನ್ನು ಸುರಿದು ಕೊಟ್ಟೆ. ನೋಡಲು ಬೆಳ್ಳಿಯ ಗುಂಡಿನ ಹಾಗೆ ಹೊಳೆಯುತ್ತಿತ್ತು. ಮೂರು ತಿಂಗಳಿಗೆ ಘಾಟಿಯ ನಡುವೆ ನಿಂತಿತು, ಟೋಚನ್ ಹಾಕಿ ಎಳೆದು ತಂದರು. ಒಳಗಿನ ಕಾಲು ಕಪ್ಪಾಗಿತ್ತು, ಬೆಸುಗೆ ಅದನ್ನು ಹಿಡಿದೇ ಇರಲಿಲ್ಲ. ಅಂದಿನಿಂದ ಹಳೆಯದನ್ನು ತಾಮ್ರದ ಜಾಳಿಗೆ ಬತ್ತಿಯಿಂದ ಪೂರ್ತಿ ಹೀರಿ ತೆಗೆದು, ಕಾಲನ್ನು ಹೊಳಪು ಬರುವಂತೆ ಕೆರೆದು, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿಯೇ ಹೊಸ ಬೆಸುಗೆ ಹಾಕುತ್ತೇನೆ. ನಿಮ್ಮ ಕಾರಿನ ಕಾಲದ ಬೋರ್ಡುಗಳಿಗೆ ತವರ-ಸೀಸದ 60/40 ಬೆಸುಗೆಯೇ ಸರಿ. ಅದು 190 ಡಿಗ್ರಿಯೊಳಗೆ ಕರಗುತ್ತದೆ. ಸೀಸವಿಲ್ಲದ ಹೊಸ ಬಗೆಗೆ 217 ದಾಟಬೇಕು, ಅಷ್ಟು ಬಿಸಿಗೆ ಹಳೆಯ ಬೋರ್ಡಿನ ತಾಮ್ರದ ಗೆರೆ ಮೇಲೇಳಬಹುದು. ಸೀಸ ಮುಟ್ಟಿದ ಕೈ ತೊಳೆದೇ ಊಟಕ್ಕೆ ಕೂರಬೇಕು.

ಕರಿ ಮಚ್ಚೆಯ ವಿಷಯದಲ್ಲಿ ಕನಿಕರ ಬೇಡ. ಕರಕಲು ಅಂದರೆ ಇದ್ದಿಲು, ಇದ್ದಿಲಿನಲ್ಲಿ ಕರೆಂಟು ಹರಿಯುತ್ತದೆ. ಮೂಲ ಬಣ್ಣದ ಗಟ್ಟಿ ಹಲಗೆ ಕಾಣುವ ತನಕ ಚೂಪು ಚಾಕುವಿನಿಂದ ಕೆರೆದು ತೆಗೆಯಬೇಕು, ತೂತು ಬಿದ್ದರೂ ಸರಿಯೇ. ಸುಟ್ಟುಹೋದ ತಾಮ್ರದ ಗೆರೆಯ ಬದಲು ಬೋರ್ಡಿನ ಹಿಂದೆ ಪಿನ್ನಿನಿಂದ ಪಿನ್ನಿಗೆ ವೈರು ಬೆಸೆಯಬಹುದು, 1.5 ಚದರ ಮಿಲಿಮೀಟರಿಗಿಂತ ಸಣ್ಣದು ಬೇಡ. ಕರಕಲು ಅಕ್ಕಪಕ್ಕದ ಎರಡು ಮೂರು ಪಿನ್ನುಗಳ ನಡುವೆ ಹರಡಿ ಹಲಗೆ ಪದರ ಪದರವಾಗಿ ಬಿಟ್ಟಿದ್ದರೆ ಮಾತ್ರ ನಾನೂ ಕೈಬಿಡುತ್ತೇನೆ. ಆಗ ಗುಜರಿಯೇ ಗತಿ.

ರಿಲೇಯ ಪಾಯಿಂಟು ಹೊಂಡ ಬಿದ್ದಿದ್ದರೆ ಎಮರಿ ಪೇಪರಿನಿಂದ ಉಜ್ಜಬೇಡಿ, ಮೇಲಿನ ಬೆಳ್ಳಿ ಮಿಶ್ರಲೋಹ ಹೋದರೆ ಮತ್ತೆ ಬರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದೇ ಆಂಪಿಯರಿನ, ಅದೇ ಕಾಲಿನ ಜೋಡಣೆಯ ಹೊಸ ರಿಲೇ ಹುಡುಕಿಸಿ. ಆಕಾರ ಒಂದೇ ಇದ್ದ ಮಾತ್ರಕ್ಕೆ ಮೋಸಹೋಗಬೇಡಿ. ಸಿಕ್ಕಿಸುವ ಬಗೆಯ ರಿಲೇಗಳಲ್ಲಿ 30 ಮತ್ತು 86ನೇ ನಂಬರಿನ ಕಾಲುಗಳು ಅದಲುಬದಲಾಗಿರುವ ಎರಡು ಬಗೆ ಬರುತ್ತವೆ. ಕಾಯಿಲಿಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಕೂಡಿಸಿದ್ದಾದರೆ ಪ್ಲಸ್ಸು ಮೈನಸ್ಸು ತಿರುಗಿದ ಕ್ಷಣವೇ ಡಯೋಡ್ ಸುಡುತ್ತದೆ.

ಬಹಳ ಜನ ಮರೆಯುವುದು ಪ್ಲಗ್ಗಿನ ಕಡೆಯನ್ನು. ಬೋರ್ಡು ಹೊಸದರ ಹಾಗಾಗಿ, ಕರಗಿದ ಹಳೆಯ ಪ್ಲಗ್ಗನ್ನೇ ಅದಕ್ಕೆ ಸಿಕ್ಕಿಸಿದರೆ ಆರು ತಿಂಗಳಿಗೆ ಅದೇ ಮಚ್ಚೆ ಅದೇ ಜಾಗದಲ್ಲಿ. ಆ ಟರ್ಮಿನಲ್ಲನ್ನು ಕತ್ತರಿಸಿ, ವೈರಿನ ಕಪ್ಪಾದ ತುದಿಯನ್ನೂ ತಾಮ್ರ ಹೊಳೆಯುವ ತನಕ ಕತ್ತರಿಸಿ, ಹೊಸ ಟರ್ಮಿನಲ್ಲನ್ನು ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿಸಿ. ಕೊನೆಗೆ ಬೋರ್ಡಿನ ಹಿಂಬದಿಗೆ, ಪಿನ್ನುಗಳನ್ನು ಬಿಟ್ಟು, ಸರ್ಕ್ಯೂಟ್ ಬೋರ್ಡಿಗೆಂದೇ ಬರುವ ಪಿಸಿಬಿ ವಾರ್ನಿಷ್ ಹಚ್ಚಿಸಿ. ನಿಮ್ಮ ಊರಿನ ಗಾಳಿಗೆ ಅದು ಬೇಕೇ ಬೇಕು. ಬಾತ್‌ರೂಮಿಗೆ ಬಳಸುವ ಹುಳಿ ವಾಸನೆಯ ಸಿಲಿಕೋನ್ ಮಾತ್ರ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಹೆಡ್‌ಲೈಟಿಗೆ ಬೈಪಾಸ್ ಒಳ್ಳೆಯದು ಎಂದರೆ ಆಶ್ಚರ್ಯಪಡಬೇಡಿ. ಬಾನೆಟ್ಟಿನೊಳಗೆ ಲೋಗೆ ಒಂದು, ಹೈಗೆ ಒಂದು ಹೊಸ ರಿಲೇ, ಬ್ಯಾಟರಿಯಿಂದ 2.5 ಚದರ ಮಿಲಿಮೀಟರಿನ ವೈರು, ಬ್ಯಾಟರಿಯ ಮಗ್ಗುಲಲ್ಲೇ 15 ಆಂಪಿಯರ್ ಫ್ಯೂಸು. ಹಳೆಯ ಹೆಡ್‌ಲೈಟ್ ವೈರು ಹೊಸ ರಿಲೇಯ ಕಾಯಿಲನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ. ನಿಮ್ಮ ಬೋರ್ಡು ಹೊರುವ ಹೊರೆ ಎಂಟು ಆಂಪಿಯರಿನಿಂದ ಅರ್ಧ ಆಂಪಿಯರಿನೊಳಗೆ ಇಳಿಯುತ್ತದೆ. ಬೆಳಕೂ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ, 60/55ರ ಬಲ್ಬಿನಲ್ಲೇ.

ಇದಕ್ಕೆಲ್ಲ ಮೊದಲು ಇವತ್ತು ಸಂಜೆಯೇ ಒಂದು ಕೆಲಸ ಮಾಡಿ. ಒಂದು ಹೆಡ್‌ಲೈಟಿನ ಹಿಂದಿನ ರಬ್ಬರ್ ಟೊಪ್ಪಿ ತೆಗೆದು ಬಲ್ಬನ್ನು ಹೊರಗೆಳೆದು, ಅದರ ಲೋಹದ ಬುಡದಲ್ಲಿ ಏನು ಬರೆದಿದೆ ಓದಿ. ಗಾಜನ್ನು ಮುಟ್ಟಬೇಡಿ. 100/90 ಎಂದಿದ್ದರೆ ಎರಡನ್ನೂ ಬಿಚ್ಚಿ ಅಪ್ಪಯ್ಯನ ನೆನಪಿಗೆ ಬೀರುವಿನಲ್ಲಿಡಿ, ಕಾರಿಗೆ ಮತ್ತೆ ಹಾಕಬೇಡಿ.